ತೂತು ಗೂಡಿನ ನೂಲು, ಎರಡು ಕಡ್ಡಿಯ ಹೆಣಿಗೆ

ಯಳಂದೂರು, ಕೊಳ್ಳೇಗಾಲ ಸೀಮೆಯಲ್ಲಿ ರೇಷ್ಮೆ ಎಂದೊಡನೆ ನಮಗೆ ನೆನಪಾಗುವುದು ಚಂದ್ರಿಕೆಯ ತುಂಬ ಕಟ್ಟಿದ ಗೂಡು, ಗೂಡಿನ ಮಾರುಕಟ್ಟೆ, ಕೊಳ್ಳೇಗಾಲದ ಮಗ್ಗದ ಸೀರೆ. ಮಾಂಬಳ್ಳಿ, ಸಂತೆಮರಹಳ್ಳಿಗಳ ಹೆಸರೂ ನೂಲು ಬಿಚ್ಚಾಣಿಕೆಯ ಸರ್ಕಾರಿ ಕಾರ್ಖಾನೆಗಳಿಂದಲೇ ಸುತ್ತಲಿನವರಿಗೆ ಪರಿಚಯವಾಯಿತು. ಆದರೆ ಬೆಲೆ ಸಿಗದ ಗೂಡೂ ಇದೆಯಲ್ಲ! ಚಿಟ್ಟೆ ಹೊರಬಂದು ತೂತಾದದ್ದು, ಕಲೆ ಹಿಡಿದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು. ಹುಳು ಸಾಕುವ ಮನೆಗಳಲ್ಲಿ ಇವು ಮೂಲೆಯ ಚೀಲ ಸೇರುತ್ತವೆ. ಪ್ರಿಯ ಸಹೋದರಿಯರೇ, ಇಂದಿನ ಪಾಠ ಆ ಚೀಲವನ್ನು ಕುರಿತದ್ದು.

ಒಳ್ಳೆಯ ಬೈವೋಲ್ಟೀನ್ ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಚಿಟ್ಟೆ ಹೊರಬರುವಾಗ ಈ ಎಳೆ ಕೆಟ್ಟು ಹೋಗುವುದರಿಂದ ಅದನ್ನು ಬಿಚ್ಚಲು ಬರುವುದಿಲ್ಲ. ಹತ್ತಿಯ ಹಾಗೆ ನೂಲಬೇಕು. ಬಿತ್ತನೆ ಕೋಠಿಗಳಲ್ಲಿ ಉಳಿಯುವುದೂ ಇಂಥ ತೂತು ಗೂಡೇ. ಇದನ್ನು ಕೆಲವರು ಅಹಿಂಸೆಯ ರೇಷ್ಮೆ ಎಂದು ಹೊಗಳುತ್ತಾರೆ. ಆದರೆ ಮೊಟ್ಟೆಗೆ ರೋಗ ತಗುಲಿದೆಯೇ ಎಂದು ನೋಡಲು ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ರೂಢಿಗೆ ತಂದ ಕ್ರಮ. ಆದ್ದರಿಂದ ಆ ಹೊಗಳಿಕೆಯನ್ನು ಪೂರ್ತಿ ನಂಬಬೇಕಾಗಿಲ್ಲ.

ಗೂಡನ್ನು ಕತ್ತರಿಸಿ ಒಳಗಿನ ಕಸವನ್ನು ಅಂಗಳದಲ್ಲೇ ಒದರಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಅಗತ್ಯ. ಈ ದೂಳು ಕೆಲವರಿಗೆ ಉಬ್ಬಸ ತರುತ್ತದೆ. ಅಂಥವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. 100 ಗ್ರಾಂ ಗೂಡನ್ನು ಹಳೆಯ ಸೀರೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ, ನಾಲ್ಕು ಲೀಟರ್ ನೀರಿಗೆ 25 ಗ್ರಾಂ ತುರಿದ ಬಟ್ಟೆ ಸೋಪು, ಒಂದು ಸಣ್ಣ ಚಮಚ ವಾಷಿಂಗ್ ಸೋಡಾ ಹಾಕಿ, ಕೊತಕೊತ ಕುದಿಸದೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಿ. ಅಂಟು ಕರಗಿ ಗೂಡು ಹತ್ತಿಯಂತೆ ಮೆತ್ತಗಾಗುತ್ತದೆ. ತೂಕದಲ್ಲಿ ಕಾಲು ಭಾಗ ಕಡಿಮೆಯಾದರೆ ಗಾಬರಿ ಬೇಡ, ಹೋದದ್ದು ಅಂಟು ಮಾತ್ರ. ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು, ನೆರಳಿನಲ್ಲಿ ಒಣಗಿಸಿ, ಬೆರಳಿನಿಂದ ಬಿಡಿಸಿ ತಕಲಿಯಲ್ಲಿ ನೂಲಿರಿ. ಜ್ಞಾನೋಕ್ತಿ ಗ್ರಂಥದ 31ನೆಯ ಅಧ್ಯಾಯದಲ್ಲಿ ಗುಣವತಿಯಾದ ಗೃಹಿಣಿಯ ಕೈಯಲ್ಲಿ ಕಾಣುವ ಕದಿರು ಇದಕ್ಕಿಂತ ಬೇರೆಯಾದ ಉಪಕರಣವೇನೂ ಆಗಿರಲಾರದು.

ಈಗ ಮುಖ್ಯ ಮಾತಿಗೆ ಬರೋಣ. ಮೊದಲ ಸಲ ನೂತವಳ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುನಡುವೆ ಗಂಟು. ಅದನ್ನು ಅಂಗಡಿಯ ಉಲ್ಲನ್ ಪಕ್ಕದಲ್ಲಿಟ್ಟು "ಇದೇನು ನೂಲು?" ಎಂದುಬಿಟ್ಟರೆ ಆ ಹುಡುಗಿ ಮತ್ತೆ ತಕಲಿ ಮುಟ್ಟುವುದಿಲ್ಲ. ನೂಲನ್ನು ಎಸೆಯುವ ಬದಲು ಅದಕ್ಕೆ ತಕ್ಕ ಹೆಣಿಗೆಯನ್ನು ಆರಿಸಬೇಕು. ಹೂವು, ಜಡೆಯ ವಿನ್ಯಾಸಗಳು ಇಲ್ಲಿ ಸಲ್ಲವು. ನೂಲಿನ ಏರುಪೇರಿನಲ್ಲಿ ಅವು ಮುಚ್ಚಿಹೋಗುತ್ತವೆ. ಎಲ್ಲ ಸಾಲನ್ನೂ ಸೀದಾ ಹೆಣೆಯುವ ಸಾದಾ ಹೆಣಿಗೆಯೇ ಸರಿ.

ಒಂಟಿ ಎಳೆಯಲ್ಲಿ ಹುರಿ ಹೆಚ್ಚಾಗಿದ್ದರೆ ಹೆಣೆದ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ಆದ್ದರಿಂದ ಎರಡು ಎಳೆಗಳನ್ನು ಸೇರಿಸಿ, ನೂತದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿ ಹುರಿಮಾಡಿರಿ. ಲಡಿ ಸುತ್ತಿ ಒದ್ದೆಮಾಡಿ ತೂಗುಹಾಕಿ ಒಣಗಿಸಿರಿ. ಒಣಗಿದ ಲಡಿ ತಾನಾಗಿ ಸುತ್ತಿಕೊಳ್ಳದೆ ನೆಟ್ಟಗೆ ತೂಗಿದರೆ ಹುರಿ ಹದವಾಗಿದೆ ಎಂದರ್ಥ.

ಕಡ್ಡಿ ಯಾವುದು? ಒಂದು ಅಳತೆಪಟ್ಟಿಗೆ ನೂಲನ್ನು ಎಳೆಯದೆ ಪಕ್ಕಪಕ್ಕದಲ್ಲಿ ಸುತ್ತಿರಿ. ಒಂದು ಅಂಗುಲದಲ್ಲಿ 12 ಸುತ್ತು ಹಿಡಿದರೆ 8ನೇ ನಂಬರಿನ ಕಡ್ಡಿ, ಅಂದರೆ 4 ಮಿಲಿಮೀಟರಿನದು, ಸಾಕು. ನಮ್ಮ ಅಂಗಡಿಗಳ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. 10ನೇ ನಂಬರು 3.25 ಮಿಲಿಮೀಟರು. 20 ಕುಣಿಕೆ ಹಾಕಿ ಒಂದು ಅಂಗೈಯಗಲ ಹೆಣೆದು ಅಳೆಯದೆ ಏನನ್ನೂ ಆರಂಭಿಸಬೇಡಿ. ಕೆಳಗಿನ ಲೆಕ್ಕ ಅಂಗುಲಕ್ಕೆ ಐದು ಕುಣಿಕೆಯದು.

ಮೊದಲಿಗೆ ಮುಖ ಒರೆಸುವ ಚೌಕ. ಕೈನೂಲಿನಲ್ಲಿ ಎಷ್ಟು ಅಳತೆಗೆ ಎಷ್ಟು ಬೇಕು ಎಂದು ಹೇಳುವುದು ಕಷ್ಟ. ಇದಕ್ಕೊಂದು ಜಾಣ ಉಪಾಯವಿದೆ. ಇರುವ ನೂಲನ್ನು ತೂಗಿ ಎರಡು ಸಮನಾದ ಉಂಡೆ ಮಾಡಿ. ಮೂರು ಕುಣಿಕೆಯಿಂದ ಆರಂಭಿಸಿ, ಪ್ರತಿ ಸಾಲಿನ ಮೊದಲಲ್ಲಿ ಒಂದೊಂದು ಕುಣಿಕೆ ಹೆಚ್ಚಿಸುತ್ತ ಸೀದಾ ಹೆಣೆಯಿರಿ. ಮೊದಲ ಉಂಡೆ ಮುಗಿಯುತ್ತ ಬಂದಾಗ ಎರಡನೆಯದನ್ನು ಸೇರಿಸಿ, ಪ್ರತಿ ಸಾಲಿನ ಮೊದಲಲ್ಲಿ ಎರಡನ್ನು ಒಂದಾಗಿ ಹೆಣೆದು ಕಡಿಮೆ ಮಾಡಿ. ಮೂಲೆಯಿಂದ ಮೂಲೆಗೆ ಚೌಕ ತಾನೇ ಮೂಡುತ್ತದೆ, ನೂಲು ಸಾಲದೆ ಬರುವುದಿಲ್ಲ. ಇದಕ್ಕೆ ರೇಷ್ಮೆಗಿಂತ ಹತ್ತಿಯೇ ವಾಸಿ. ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಬಹುಕಾಲದಿಂದ ಹೆಸರಾದ ಊರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸತ್ಯಾಗ್ರಹ ಕೂತದ್ದೂ ಅಲ್ಲೇ. ಖಾದಿಯ ಕೈನೂಲು ಸಿಕ್ಕರೆ ತೀರ ಸಣ್ಣಗಿರುತ್ತದೆ, ನಾಲ್ಕಾರು ಎಳೆ ಸೇರಿಸಿಕೊಳ್ಳಿ.

ಎರಡನೆಯದು ಹಸುಗೂಸಿನ ಟೊಪ್ಪಿಗೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 13ರಿಂದ 14 ಅಂಗುಲ. ರೇಷ್ಮೆ ಉಲ್ಲನ್‌ನಂತೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ಹಿಗ್ಗಿದರೆ ಹಿಗ್ಗಿಯೇ ಉಳಿಯುತ್ತದೆ. ಆದ್ದರಿಂದ 12 ಅಂಗುಲಕ್ಕೆ 60 ಕುಣಿಕೆ ಹಾಕಿರಿ. ಒಂದೂವರೆ ಅಂಗುಲ ಎರಡು ಸೀದಾ, ಎರಡು ಉಲ್ಟಾ. ಅನಂತರ ಒಟ್ಟು ಐದು ಅಂಗುಲವಾಗುವವರೆಗೆ ಎಲ್ಲ ಸೀದಾ. ಆಮೇಲೆ ಇಡೀ ಸಾಲನ್ನು ಎರಡೆರಡು ಸೇರಿಸಿ ಹೆಣೆದರೆ 30 ಉಳಿಯುತ್ತದೆ. ಒಂದು ಸಾಲು ಸಾದಾ. ಮತ್ತೆ ಎರಡೆರಡು ಸೇರಿಸಿದರೆ 15. ನೂಲನ್ನು ಸೂಜಿಗೆ ಪೋಣಿಸಿ ಆ ಹದಿನೈದರೊಳಗೂ ತೂರಿಸಿ ಬಿಗಿದು, ಹಿಂಬದಿ ಹೊಲಿಯಿರಿ. ಬಿಳಿಯ ಗೂಡಿನಿಂದ ಮಾಡಿದರೆ ಬಣ್ಣ ಹಾಕುವ ಗೊಡವೆಯಿಲ್ಲದೆ ಜ್ಞಾನಸ್ನಾನದ ಬಿಳಿಯ ಉಡುಪಿಗೆ ಒಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಟೊಪ್ಪಿಗೆಗೆ ಕೊರಳಿಗೆ ಕಟ್ಟುವ ದಾರ, ಗುಂಡಿ, ಕುಚ್ಚು ಯಾವುದೂ ಬೇಡ. ಒಳಗಡೆ ತುದಿ ಎಳೆಗಳನ್ನು ನಾಲ್ಕಂಗುಲ ಹೊಲಿದು ಅಡಗಿಸಿರಿ. ಕೂಸಿಗೆ ಕೈಚೀಲ, ಕಾಲುಚೀಲಗಳನ್ನು ಕೈನೂಲಿನಲ್ಲಿ ಹೆಣೆಯದಿರುವುದು ಒಳ್ಳೆಯದು. ಬಿಟ್ಟುಕೊಂಡ ಒಂದೇ ಒಂದು ಎಳೆ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡದೆ ಬೆರಳು ಕೆಡುತ್ತದೆ. ಮಗು ಏಕೆ ಅಳುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಮಲಗಿಸುವಾಗ ಟೊಪ್ಪಿಗೆ ಮುಖದ ಮೇಲೆ ಜಾರದಂತೆ ನೋಡಿಕೊಳ್ಳಿ, ಮನೆಯೊಳಗೆ ಸೆಕೆಯಿದ್ದರೆ ತೆಗೆದುಬಿಡಿ.

ಮುಂಜಾನೆಯ ಪೂಜೆಗೆ ಹೋಗುವ ಅಜ್ಜಿಗೆ ಕೊರಳುವಸ್ತ್ರ ಹೆಣೆಯುವುದಾದರೆ 35 ಕುಣಿಕೆ, ಉದ್ದ ನಿಮ್ಮಿಷ್ಟ. ಅಮ್ಮ ನೂತ ಲಡಿ ಒಂದು ಹದ, ಮಗಳು ನೂತದ್ದು ಇನ್ನೊಂದು ಹದ ಇರುತ್ತದೆ. ಎರಡನ್ನೂ ಜೊತೆಗಿಟ್ಟುಕೊಂಡು ಎರಡೆರಡು ಸಾಲಿಗೊಮ್ಮೆ ಬದಲಾಯಿಸಿರಿ. ಆಗ ದಪ್ಪ ಸಣ್ಣ ಒಂದೇ ಕಡೆ ಗುಂಪುಗೂಡದೆ ಹರಡಿಕೊಳ್ಳುತ್ತದೆ.

ನಮ್ಮ ಕಡೆಯ ಕುರಿಯ ಉಣ್ಣೆ ಆಗದೇ ಎಂದು ಕೇಳಬಹುದು. ಬನ್ನೂರು ಕುರಿ ಮಾಂಸಕ್ಕೆ ಹೆಸರು, ನೂಲಿಗಲ್ಲ. ಕಂಬಳಿಯ ಕರಿ ನೂಲು ಸಿಕ್ಕರೆ ಬಿಸಿ ಪಾತ್ರೆಯ ಅಡಿಗೆ ಹಾಸುವ ಚೌಕ ಹೆಣೆಯಬಹುದು, ಮೈಗೆ ಚುಚ್ಚುತ್ತದೆ.

ಮಾರುವ ಆಲೋಚನೆಯಿದ್ದರೆ ಗೂಡಿನ ಬೆಲೆಯಷ್ಟೇ ಅಲ್ಲ, ನೂತ ಗಂಟೆಗಳನ್ನೂ ಬರೆದಿಡಿ. ಹೆಣೆಯುವುದಕ್ಕಿಂತ ನೂಲುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ, ಕೊಳ್ಳುವವರು ಅದನ್ನು ಕಾಣರು.

ಸಿದ್ಧವಾದದ್ದನ್ನು ತಣ್ಣೀರಿನಲ್ಲಿ ಮೆದು ಸೋಪಿನಿಂದ ಅದ್ದಿ ತೆಗೆಯಿರಿ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿರಿ. ಬಿಸಿಲಿಗೆ ಹಾಕಿದರೆ ಬಿಳಿ ರೇಷ್ಮೆ ಹಳದಿಗೆ ತಿರುಗುತ್ತದೆ.