ತಿರುವಿನಲ್ಲಿ ಕಾರು ಯಾವ ಕಡೆಗೆ ಜಾರುತ್ತದೆ?

ಮಕ್ಕಳೇ, ಕೊಪ್ಪದಿಂದ ಹರಿಹರಪುರದ ಮಾರ್ಗವಾಗಿ ಶೃಂಗೇರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದೀರಾ? ಬಸ್ಸು ಎಡಕ್ಕೆ ತಿರುಗಿದಾಗ ನಿಮ್ಮ ಮೈ ಬಲಕ್ಕೆ ವಾಲುತ್ತದೆ. ಬಲಕ್ಕೆ ತಿರುಗಿದಾಗ ಎಡಕ್ಕೆ ವಾಲುತ್ತದೆ. ಯಾರೂ ತಳ್ಳದಿದ್ದರೂ ಹೀಗೇಕೆ ಆಗುತ್ತದೆ? ಉತ್ತರ ಹುಡುಕಲು ಕಾರುಗಳ ಸ್ಪರ್ಧೆಯೊಂದನ್ನು ಗಮನಿಸೋಣ.

ರ‍್ಯಾಲಿ ಎಂದರೇನು?

ನಮ್ಮ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ. ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಹೊರಡುವುದಿಲ್ಲ. ಸ್ವಲ್ಪ ಸಮಯ ಬಿಟ್ಟು ಒಂದರ ಹಿಂದೆ ಒಂದು ಹೊರಡುತ್ತವೆ. ಬೇರೆ ವಾಹನಗಳು ಬಾರದಂತೆ ಮುಚ್ಚಿದ ದಾರಿಯಲ್ಲಿ ಮಾತ್ರ ವೇಗದ ಓಟ. ಇಂತಹ ಪ್ರತಿಯೊಂದು ದಾರಿಗೂ ‘ಹಂತ’ ಎನ್ನುತ್ತಾರೆ. ಎಲ್ಲ ಹಂತಗಳ ಸಮಯವನ್ನು ಕೂಡಿದಾಗ ಯಾರದು ಕಡಿಮೆಯೋ ಅವರೇ ವಿಜೇತರು. ಒಂದು ಹಂತದಿಂದ ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲಿ ಹೋಗುವಾಗ ಇವರೂ ಎಲ್ಲರಂತೆ ಸಂಚಾರ ನಿಯಮ ಪಾಲಿಸಲೇಬೇಕು.

ವರ್ಷದಲ್ಲಿ ಬೇರೆ ಬೇರೆ ಊರುಗಳಲ್ಲಿ ಹಲವು ರ‍್ಯಾಲಿಗಳು ನಡೆಯುತ್ತವೆ. ಪ್ರತಿ ರ‍್ಯಾಲಿಯಲ್ಲಿ ಪಡೆದ ಸ್ಥಾನಕ್ಕೆ ತಕ್ಕಂತೆ ಅಂಕ ಸಿಗುತ್ತದೆ. ಕೊನೆಗೆ ಅಂಕಗಳನ್ನು ಲೆಕ್ಕ ಹಾಕಿ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಾರೆ. ಒಂದು ಕಡೆ ಗೆದ್ದು, ಉಳಿದ ಕಡೆ ಕಾರು ಕೆಟ್ಟು ನಿಂತರೆ ಪ್ರಯೋಜನವಿಲ್ಲ!

ಗೌರವ್ ಗಿಲ್ ಅವರು 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದವರು. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅವರು, ಆ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟು. ಅವರ ಜೊತೆ ಸಹಚಾಲಕರಾಗಿ ಸ್ಪರ್ಧಿಸಿದವರಲ್ಲಿ ಕಾಸರಗೋಡಿನ ಮೂಸಾ ಷರೀಫ್ ಒಬ್ಬರು. ಸಹಚಾಲಕರ ಕೆಲಸವೇನು ಗೊತ್ತೇ? ಸ್ಪರ್ಧೆಗೆ ಮೊದಲೇ ದಾರಿಯನ್ನು ನಿಧಾನವಾಗಿ ನೋಡಿಕೊಂಡು ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಓಟದ ಸಮಯದಲ್ಲಿ ಅದನ್ನು ಓದಿ ಹೇಳುತ್ತಾರೆ. ಮುಂದಿನ ತಿರುವು ಕಣ್ಣಿಗೆ ಕಾಣುವ ಮೊದಲೇ ಚಾಲಕರಿಗೆ ತಿಳಿಯುತ್ತದೆ.

ಮಾಡಿ ನೋಡಿ

ನೆಲದ ಮೇಲೆ ಒಂದು ಗೋಲಿ ಇಡಿ. ಅದರ ಮೇಲೆ ಲೋಟವನ್ನು ಬೋರಲು ಹಾಕಿ. ಲೋಟವನ್ನು ನೆಲದ ಮೇಲೆಯೇ ಗರಗರನೆ ಸುತ್ತಾಡಿಸಿ. ಗೋಲಿ ಲೋಟದ ಒಳಗೋಡೆಗೆ ತಾಗಿಕೊಂಡು ಸುತ್ತುತ್ತದೆ. ಈಗ ಥಟ್ಟನೆ ಲೋಟವನ್ನು ಎತ್ತಿ. ಗೋಲಿ ಸುತ್ತುತ್ತಲೇ ಇರುತ್ತದೆಯೇ? ಇಲ್ಲ, ನೇರವಾಗಿ ಓಡಿಹೋಗುತ್ತದೆ.

ಚಲಿಸುವ ವಸ್ತು ನೇರವಾಗಿಯೇ ಚಲಿಸಲು ಬಯಸುತ್ತದೆ. ಈ ಗುಣವೇ ಜಡತ್ವ. ಗೋಲಿಯನ್ನು ತಿರುಗಿಸಿದ್ದು ಲೋಟದ ಗೋಡೆ. ಕಾರನ್ನು ತಿರುಗಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಸಡಿಲ ಮಣ್ಣು ಅಥವಾ ಒದ್ದೆ ರಸ್ತೆಯಲ್ಲಿ ಘರ್ಷಣೆ ಕಡಿಮೆ. ವೇಗ ಹೆಚ್ಚಾದರೆ ಆ ಘರ್ಷಣೆ ಸಾಲದೆ ಕಾರು ತಿರುವಿನ ಹೊರಬದಿಗೆ ಜಾರುತ್ತದೆ. ಬಸ್ಸಿನಲ್ಲಿ ನೀವು ವಾಲಿದ್ದೂ ಹೊರಬದಿಗೇ ಅಲ್ಲವೇ?

ಆದ್ದರಿಂದ ರ‍್ಯಾಲಿ ನೋಡಲು ಹೋದರೆ ತಿರುವಿನ ಹೊರಬದಿಯಲ್ಲಿ ಎಂದಿಗೂ ನಿಲ್ಲಬೇಡಿ. ಸ್ವಯಂಸೇವಕರು ತೋರಿಸಿದ ಜಾಗದಲ್ಲೇ ನಿಲ್ಲಿ. ಹಂತದ ದಾರಿಯನ್ನು ದಾಟಬೇಡಿ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ಇದೇ ಚಾಂಪಿಯನ್‌ಷಿಪ್‌ನ ಸುತ್ತೊಂದು ನಡೆಯುತ್ತಿತ್ತು. ಸ್ಪರ್ಧೆಯ ದಾರಿಗೆ ಬಂದ ಬೈಕಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ತೀರಿಕೊಂಡರು. ಎಷ್ಟೇ ನುರಿತ ಚಾಲಕರಿದ್ದರೂ ಕಾರು ಕೂಡಲೇ ನಿಲ್ಲುವುದಿಲ್ಲ.

ಕಾರು ನಿಲ್ಲಲು ಎಷ್ಟು ದೂರ ಬೇಕು?

ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಎದುರಿಗೆ ಮಗುವನ್ನು ಕಂಡ ಚಾಲಕರು ಬ್ರೇಕ್ ತುಳಿಯಲು ಒಂದು ಸೆಕೆಂಡ್ ತೆಗೆದುಕೊಂಡರು ಎಂದುಕೊಳ್ಳಿ. ಅಷ್ಟರಲ್ಲಿ ಕಾರು 10 ಮೀಟರ್ ಸಾಗಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ ಸುಮಾರು 7 ಮೀಟರ್ ಬೇಕು. ಒಟ್ಟು 17 ಮೀಟರ್.

ವೇಗವನ್ನು ಎರಡರಷ್ಟು, ಅಂದರೆ 72 ಕಿ.ಮೀ. ಮಾಡಿ. ಮೊದಲ ದೂರ ಎರಡರಷ್ಟಾಗಿ 20 ಮೀಟರ್ ಆಗುತ್ತದೆ. ಆದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕರಷ್ಟಾಗಿ ಸುಮಾರು 28 ಮೀಟರ್ ಆಗುತ್ತದೆ! ಒಟ್ಟು 48 ಮೀಟರ್. ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ರಸ್ತೆಗಳಲ್ಲಿ ಎಷ್ಟೋ ತಿರುವುಗಳ ಆಚೆ 20 ಮೀಟರ್ ಕೂಡ ಕಾಣುವುದಿಲ್ಲ. ಇಲ್ಲಿ ದಾರಿ ಮುಚ್ಚಿರುವುದಿಲ್ಲ, ತಿರುವನ್ನು ಓದಿ ಹೇಳುವವರೂ ಇರುವುದಿಲ್ಲ. ಶಾಲೆಗೆ ನಡೆದು ಬರುವ ನೀವು ತಿರುವಿನಲ್ಲಿ ರಸ್ತೆ ದಾಟಬೇಡಿ. ಎರಡೂ ಕಡೆ ದೂರದವರೆಗೆ ಕಾಣುವ ಜಾಗದಲ್ಲಿ ದಾಟಿ. ವಾಹನ ಓಡಿಸುವ ಅಪ್ಪ, ಅಣ್ಣ, ಮಾವಂದಿರಿಗೂ ಈ ಲೆಕ್ಕ ತೋರಿಸಿ.

ಯೋಚಿಸಿ, ಉತ್ತರಿಸಿ

1. 10 ಕಿ.ಮೀ. ಉದ್ದದ ಹಂತವನ್ನು ಒಂದು ಕಾರು 8 ನಿಮಿಷದಲ್ಲಿ ಮುಗಿಸಿತು. ಗಂಟೆಗೆ ಅದರ ಸರಾಸರಿ ವೇಗ ಎಷ್ಟು?

2. ಗಂಟೆಗೆ 54 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಎಷ್ಟು ಮೀಟರ್ ಸಾಗುತ್ತದೆ?

3. ನಿಮ್ಮ ಶಾಲೆಯ ದಾರಿಯ ನಕ್ಷೆ ಬರೆಯಿರಿ. ರಸ್ತೆ ದಾಟಲು ಸುರಕ್ಷಿತವಾದ ಜಾಗಗಳನ್ನು ಗುರುತಿಸಿ, ತರಗತಿಯಲ್ಲಿ ಚರ್ಚಿಸಿ.