ದೊಡ್ಡ ಗಾಡಿ ಅಂದರೆ ಗಟ್ಟಿ ಗಾಡಿಯೇ?

ಬನದ ಹುಣ್ಣಿಮೆ ಹತ್ತಿರ ಬಂದಿತ್ತು. ನಮ್ಮ ಕಲಿಕಾ ಕೇಂದ್ರದ ಅಕ್ಕಂದಿರು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು. ಬಾಡಿಗೆ ಗಾಡಿ ಹಿಡಿಯಬೇಕು. ಯಾವ ಗಾಡಿ? ಅಂದು ಸಂಜೆ ಪಾಟಿ ಬದಿಗಿಟ್ಟು ಇದೇ ಮಾತು ನಡೆಯಿತು.

"ಕ್ರೂಸರ್ ಹೇಳೂಣು. ದೊಡ್ಡ ಗಾಡಿ, ಭಾರ ಐತಿ. ಎಲ್ಲರೆ ಬಡದ್ರೂ ನಮಗೇನೂ ಆಗೂದಿಲ್ಲ" ಅಂದರು ಹಿರಿಯ ಅವ್ವ.

"ನಮ್ಮ ಮಾವನೋರ ಬೊಲೆರೊ ಹನ್ನೆರಡು ವರ್ಷದ್ದು. ಕೆಸರಿನ ದಾರಿಯಾಗೂ ಒಮ್ಮೆ ಕೈ ಕೊಟ್ಟಿಲ್ಲ" ಅಂದಳು ಇನ್ನೊಬ್ಬಾಕೆ.

ಇಬ್ಬರ ಮಾತು ಒಂದೇ ಅನಿಸುತ್ತದೆ. ಆದರೆ ಇಲ್ಲಿ ಎರಡು ಸಂಗತಿ ಇವೆ. ಗಾಡಿ ಕೆಟ್ಟು ನಿಲ್ಲದಿರುವುದು ಒಂದು. ಅಪಘಾತ ಆದಾಗ ಒಳಗಿನವರ ಜೀವ ಉಳಿಯುವುದು ಇನ್ನೊಂದು.

ಮೊದಲನೆಯದರಲ್ಲಿ ನಮ್ಮ ದೇಶದ ದೊಡ್ಡ ಗಾಡಿಗಳಿಗೆ ಒಳ್ಳೆಯ ಹೆಸರಿದೆ. ಸುಮೋ ಬಂದದ್ದು 1994ರಲ್ಲಿ. ಟಾಟಾ ಕಂಪನಿಯ ಹಿರಿಯರಾಗಿದ್ದವರು ಸುಮಂತ್ ಮೂಳಗಾಂವಕರ್. ಇಂಗ್ಲಿಷಿನಲ್ಲಿ ಅವರ ಹೆಸರಿನ 'Su', ಅಡ್ಡಹೆಸರಿನ 'Mo' ಸೇರಿಸಿ ಆ ಹೆಸರಿಟ್ಟರು. ನೀವೂ ಅಕ್ಷರ ಕೂಡಿಸಿ ನೋಡಿ! 2019ರಲ್ಲಿ ಅದರ ತಯಾರಿ ನಿಂತಿತು. ಬೊಲೆರೊ ಬಂದದ್ದು 2000ದಲ್ಲಿ. ಈ ಗಾಡಿಗಳ ಅಡಿಯಲ್ಲಿ ಲಾರಿಗೆ ಇರುವಂಥ ಕಬ್ಬಿಣದ ಚೌಕಟ್ಟು ಇದೆ. ಅದಕ್ಕೇ ಕೆಟ್ಟ ದಾರಿಯಲ್ಲೂ ತಾಳುತ್ತವೆ. ಊರಿನ ಮೇಸ್ತ್ರಿಗೂ ರಿಪೇರಿ ಗೊತ್ತು.

ಇನ್ನು ಜೀವದ ಮಾತು. ಬಳೆಗಾರ ಬಳೆಗಳನ್ನು ಗಟ್ಟಿ ಪೆಟ್ಟಿಗೆಯಲ್ಲಿ ಸುಮ್ಮನೆ ಹಾಕಿ ತರುತ್ತಾನೆಯೇ? ಇಲ್ಲ. ಪೆಟ್ಟಿಗೆ ಕೆಳಗೆ ಬಿದ್ದರೆ ಪೆಟ್ಟಿಗೆಗೆ ಏನೂ ಆಗುವುದಿಲ್ಲ, ಬಳೆ ಚೂರಾಗುತ್ತವೆ. ಅದಕ್ಕೆ ಹುಲ್ಲು ತುಂಬುತ್ತಾನೆ, ಕಟ್ಟಿ ಇಡುತ್ತಾನೆ. ಗಾಡಿಯಲ್ಲಿ ನಾವೇ ಬಳೆ. ಸೀಟಿನ ಬೆಲ್ಟು, ಏರ್‌ಬ್ಯಾಗ್, ಪೆಟ್ಟು ತಿಂದು ಕುಗ್ಗುವ ಮುಂಭಾಗ, ಇವೇ ಆ ಕಟ್ಟು, ಆ ಹುಲ್ಲು.

ಇದನ್ನು ಪರೀಕ್ಷೆ ಮಾಡುವವರು ಇದ್ದಾರೆ. ಗೊಂಬೆ ಕೂರಿಸಿ, ಬೆಲ್ಟು ಹಾಕಿ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗಾಡಿಯನ್ನು ಡಿಕ್ಕಿ ಹೊಡೆಸುತ್ತಾರೆ. ಆಮೇಲೆ ನಕ್ಷತ್ರ ಕೊಡುತ್ತಾರೆ. ಐದು ನಕ್ಷತ್ರ ಎಂದರೆ ಬಹಳ ಒಳ್ಳೆಯದು. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋ ಗಾಡಿಯನ್ನು ಹೀಗೆ ನೋಡಿತು. ಅಷ್ಟು ದೊಡ್ಡ ಗಾಡಿಗೆ ಸಿಕ್ಕಿದ್ದು ಸೊನ್ನೆ! 2022ರಲ್ಲಿ ಅದೇ ಕಂಪನಿಯ ಹೊಸ ಸ್ಕಾರ್ಪಿಯೋ-ಎನ್ ಐದು ನಕ್ಷತ್ರ ಪಡೆಯಿತು. ನಮ್ಮವರಿಗೆ ಮಾಡಲು ಬರುವುದಿಲ್ಲ ಎಂದಲ್ಲ. 2023ರ ಅಕ್ಟೋಬರ್‌ನಿಂದ ನಮ್ಮ ದೇಶದ್ದೇ ಪರೀಕ್ಷೆಯೂ ಶುರುವಾಗಿದೆ.

"ಅದೆಲ್ಲಾ ಹೊಸಾ ಗಾಡಿ ಕೊಳ್ಳೋರಿಗೆ ಟೀಚರ್. ನಾವು ಬಾಡಗಿಯವರು" ಅಂದಳು ಹಿಂದೆ ಕುಳಿತವಳು.

ಹೌದು. ಅದಕ್ಕೇ ಬಾಡಿಗೆ ಗಾಡಿಯ ಮಾತಿಗೆ ಬಂದೆ. ತಲೆ ಮೇಲೆ ಎರಡು ಕೊಡ ಹೊತ್ತಾಗ ನಾವು ತಿರುವಿನಲ್ಲಿ ಓಡುತ್ತೇವೆಯೇ? ಎತ್ತರದ ಗಾಡಿಯ ಮೇಲೆ ಗಂಟುಮೂಟೆ ಹೇರಿ, ಒಳಗೆ ಜನ ತುರುಕಿದರೆ ಅದೂ ಹಾಗೆಯೇ ವಾಲುತ್ತದೆ. ಬ್ರೇಕು ಒತ್ತಿದರೂ ಬೇಗ ನಿಲ್ಲುವುದಿಲ್ಲ. ತೊಡೆಯ ಮೇಲಿನ ಕೂಸನ್ನು ಆ ಏಟಿನಲ್ಲಿ ಯಾವ ತಾಯಿಯ ಕೈಯೂ ಹಿಡಿದುಕೊಳ್ಳಲಾರದು. ಗುಡ್ಡದ ದಾರಿ ನೆನೆದು ಅವ್ವ ಸುಮ್ಮನಾದರು.

ಮರುದಿನ ಗಾಡಿ ಬಂತು. ಫಲಕ ಹಳದಿ, ಅಕ್ಷರ ಕಪ್ಪು. ಬಾಡಿಗೆಗೆ ಓಡುವ ಗಾಡಿಯ ಫಲಕ ಹೀಗಿರಬೇಕು. ಬಿಳಿ ಫಲಕದ್ದು ಸ್ವಂತ ಬಳಕೆಯ ಗಾಡಿ. ಅದರಲ್ಲಿ ಬಾಡಿಗೆ ಕೊಟ್ಟು ಹೋಗಿ ಅಪಘಾತವಾದರೆ ವಿಮೆ ಹಣಕ್ಕೆ ತಕರಾರು ಬರುತ್ತದೆ.

ಅವ್ವ ಡ್ರೈವರನ ಕೈಯಿಂದ ಕಾಗದ ಇಸಿದುಕೊಂಡರು. ಬೆರಳಿಟ್ಟು ಓದಿದರು. "ಹನ್ನೆರಡು... ಕೂಡಿಸು ಒಂದು." ನಾವು ನಿಂತವರು ಹದಿನೇಳು ಜನ, ಮೇಲೆ ಮೂರು ಕೂಸು.

"ಏನಾಗೂದಿಲ್ಲ ಬರ್ರಿ ಅವ್ವಾ, ಹೊಂದಿಕೊಂಡು ಕುಂದರ್ರಿ" ಅಂದ ಡ್ರೈವರ್.

"ಹೊಂದಿಕೊಳ್ಳೂದು ನಮಗ ಗೊತ್ತೈತಿ ತಮ್ಮಾ. ಗಾಡಿಗೆ ಗೊತ್ತಿಲ್ಲ" ಅಂದರು ಅವ್ವ. ಎಂಟು ಜನ ಬಸ್ಸಿಗೆ ಹೋದೆವು. ನಾನೂ ಅವ್ವನೂ ಆ ಎಂಟರಲ್ಲಿ ಇದ್ದೆವು. ಸೀಟು ಸಿಕ್ಕಿದ್ದು ಧಾರವಾಡ ದಾಟಿದ ಮೇಲೆ!

ಓದಿ, ಬರೆಯಿರಿ: ನಿಮ್ಮ ಊರಿನ ಬಾಡಿಗೆ ಗಾಡಿಯ ಫಲಕ ಯಾವ ಬಣ್ಣದ್ದು? ಅದರ ಕಾಗದದಲ್ಲಿ ಎಷ್ಟು ಜನ ಎಂದು ಬರೆದಿದೆ? ಕಳೆದ ಸಲ ನೀವು ಎಷ್ಟು ಜನ ಕುಳಿತಿದ್ದಿರಿ?