ಕೌಂಟರ್‌ನ ಮಾತಿಗೆ ಬಾಗಿಲಿಂದಲೇ ತಿರುಗಿ ಬರಬೇಡ

ಮಗೂ, ಜಿಮ್‌ಗೆ ಸೇರಬೇಕೆಂದು ಮನಸ್ಸು ಮಾಡಿದ್ದೀಯ. ಬಹಳ ಒಳ್ಳೆಯದು. ಡಂಬೆಲ್ ಹೇಗೆ ಹಿಡಿಯಬೇಕು, ಬಸ್ಕಿ ಎಷ್ಟು ಹೊಡೆಯಬೇಕು ಎಂದು ಹೇಳಿಕೊಡುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನದು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ, ಕೌಂಟರ್ ಮುಂದೆ ನಿಂತು "ಸೇರಬೇಕಿತ್ತು" ಎನ್ನುವ ಹತ್ತು ನಿಮಿಷ ಇದೆಯಲ್ಲ, ಎಷ್ಟೋ ಮಕ್ಕಳ ಉತ್ಸಾಹ ಅಲ್ಲಿಯೇ ಉಡುಗಿಹೋಗುತ್ತದೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದವನು ನಾನು. ಮೈ ಬಗ್ಗಿಸಲು ಹೊರಟ ಮಗುವನ್ನು ಯಾರೋ ಆಡಿಕೊಂಡು ವಾಪಸ್ ಕಳಿಸಿದರು ಎಂದು ಕೇಳಿದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ನಮ್ಮ ಬೀದಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ದಿನವೆಲ್ಲ ಕುರ್ಚಿಯಲ್ಲಿ ಕೂತು ಬೆನ್ನು ನೋವು ಶುರುವಾಯಿತು ಎಂದು ಮನೆ ಹತ್ತಿರದ ಜಿಮ್‌ಗೆ ಹೋದಳು. ಕೌಂಟರ್‌ನಲ್ಲಿದ್ದವನು ಮೊಬೈಲಿನಿಂದ ಕಣ್ಣು ತೆಗೆಯದೆ "ಎಷ್ಟು ಕೆಜಿ?" ಅಂದನಂತೆ. ಹೇಳಿದಳು. ಆಗ ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಪಕ್ಕದವನ ಕಡೆ ತಿರುಗಿ ನಕ್ಕು, "ಇದಕ್ಕೆಲ್ಲಾ ಜನರಲ್ ಆಗಲ್ಲ ಮ್ಯಾಡಮ್, ಪರ್ಸನಲ್ ಟ್ರೈನಿಂಗೇ ತಗೋಬೇಕು, ಇಲ್ಲಾಂದ್ರೆ ದುಡ್ಡು ವೇಸ್ಟು" ಅಂದನಂತೆ. ಅವಳು ಫೀಸು ಎಷ್ಟು ಎಂದು ಕೂಡ ಕೇಳದೆ ಹೊರಗೆ ಬಂದಳು. ಇನ್ನೊಬ್ಬ ಹುಡುಗ, ಕಡ್ಡಿಯ ಹಾಗಿರುವವನು. ಅವನಿಗೆ ಸಿಕ್ಕಿದ ಮಾತು: "ಮೊದಲು ನಾಕು ತಿಂಗಳು ಊಟ ಮಾಡ್ಕೊಂಡು ಬಾರೋ, ಈಗ ಬಂದ್ರೆ ರಾಡೇ ನಿನ್ನನ್ನ ಎತ್ತುತ್ತೆ." ದಪ್ಪಗಿದ್ದರೂ ಮಾತು, ತೆಳ್ಳಗಿದ್ದರೂ ಮಾತು. ಹಾಗಾದರೆ ಜಿಮ್‌ಗೆ ಹೋಗಬೇಕಾದವರು ಯಾರು? ಆಗಲೇ ಕಟ್ಟುಮಸ್ತಾಗಿರುವವರು ಮಾತ್ರವೇ?

ಈ ಮಾತು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದು ನಿನ್ನ ಎದೆಗೆ ನಾಟುವುದಿಲ್ಲ. ಕೌಂಟರ್‌ನಲ್ಲಿ ಕೂತವರು ಸಾಮಾನ್ಯವಾಗಿ ಕಲಿಸುವವರಲ್ಲ, ಮಾರುವವರು. ತಿಂಗಳಿಗೆ ಇಷ್ಟು ಮೆಂಬರ್‌ಶಿಪ್, ಇಷ್ಟು ಪಿ.ಟಿ. (ಪರ್ಸನಲ್ ಟ್ರೈನಿಂಗ್) ಎಂದು ಅವರ ತಲೆ ಮೇಲೆ ಟಾರ್ಗೆಟ್ ಕೂತಿರುತ್ತದೆ. ಜನರಲ್ ಮೆಂಬರ್‌ಶಿಪ್‌ನಲ್ಲಿ ಜಿಮ್‌ಗೆ ಬರುವುದಕ್ಕಿಂತ ಪರ್ಸನಲ್ ಟ್ರೈನಿಂಗ್‌ನಲ್ಲಿ ಬರುವುದು ಬಹಳ ಹೆಚ್ಚು, ಅದರಲ್ಲಿ ಟ್ರೈನರ್‌ಗೂ ಒಂದು ಪಾಲು ಇರುತ್ತದೆ. ನಿನ್ನ ಮೈ ಬಗ್ಗೆ ನಿನಗೇ ನಾಚಿಕೆ ಹುಟ್ಟಿಸಿಬಿಟ್ಟರೆ, ಆಮೇಲೆ ಅವರು ಹೇಳಿದ ರೇಟಿಗೆ ನೀನು ಎದುರಾಡುವುದಿಲ್ಲ. ಹೀಗೆ ಬೇಕೆಂದೇ ಕುಗ್ಗಿಸುವವರು ಕೆಲವರಾದರೆ, ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು, ಮಧ್ಯಾಹ್ನ ಮನೆಗೆ ಹೋಗಿ, ಮತ್ತೆ ಸಂಜೆಯಿಂದ ರಾತ್ರಿ ಹತ್ತರವರೆಗೆ ನಿಂತು ಸುಸ್ತಾಗಿ ಸಿಡುಕುವವರು ಇನ್ನು ಕೆಲವರು. ಇಬ್ಬರ ಮಾತೂ ನಿನ್ನ ದೇಹದ ಬಗ್ಗೆ ಕೊಟ್ಟ ತೀರ್ಪಲ್ಲ. ಇದನ್ನು ಒಳಗೆ ಹೋಗುವ ಮುಂಚೆಯೇ ಮನಸ್ಸಿಗೆ ಹೇಳಿಕೊಂಡು ಹೋಗು.

ಒಂದು ಹಾಳೆಯ ಬಗ್ಗೆ ನಿನಗೆ ಬಿಡಿಸಿ ಹೇಳಬೇಕು. ಸೇರುವ ಮುಂಚೆ "ಫ್ರೀ ಬಾಡಿ ಅನಾಲಿಸಿಸ್" ಎಂದು ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಾರೆ. ಎರಡು ಕೈಗೂ ಎರಡು ಹಿಡಿ ಕೊಡುತ್ತಾರೆ. ಒಂದು ನಿಮಿಷದಲ್ಲಿ ಹಾಳೆ ಹೊರಬರುತ್ತದೆ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಕೊಬ್ಬಿನ ಅಂಕಿಗೆ ಒಂದು ಸುತ್ತು, ಹೊಟ್ಟೆಯ ಕೊಬ್ಬಿಗೆ ಇನ್ನೊಂದು ಸುತ್ತು. ಕೆಲವು ಯಂತ್ರಗಳಲ್ಲಿ 'ದೇಹದ ವಯಸ್ಸು' ಎಂದೇ ಒಂದು ಸಾಲು ಇರುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಮೂವತ್ತೈದು ಎಂದು ಬರೆದು ಕೈಗಿಟ್ಟರೆ ಅವನು ಹೆದರದೆ ಇರುತ್ತಾನೆಯೇ? ಆ ಯಂತ್ರ ಮಾಡುವುದಿಷ್ಟೆ. ಮೈಯೊಳಗೆ ಬಹಳ ಸಣ್ಣ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎಷ್ಟು ತಡೆ ಸಿಕ್ಕಿತು ಎಂದು ನೋಡುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಕಷ್ಟಪಡುತ್ತದೆ. ಅದರಿಂದ ಲೆಕ್ಕ ಹಾಕಿ ಒಂದು ಅಂದಾಜು ಕೊಡುತ್ತದೆ. ನೀರು ಕಡಿಮೆ ಕುಡಿದಿದ್ದರೆ, ಆಗ ತಾನೇ ಊಟ ಮಾಡಿದ್ದರೆ, ಬಿಸಿಲಲ್ಲಿ ಬೆವರಿ ಬಂದಿದ್ದರೆ ಅಂಕಿ ಬದಲಾಗುತ್ತದೆ. ಅದೇ ಯಂತ್ರದಲ್ಲಿ, ಬೆಳಿಗ್ಗೆ ಅದೇ ಹೊತ್ತಿಗೆ, ಬರಿಹೊಟ್ಟೆಯಲ್ಲಿ ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ನಿನಗೆ ಒಂದಿಷ್ಟು ಉಪಯೋಗವಾದೀತು. ಸೇರುವ ದಿನ ಕೆಂಪು ಸುತ್ತು ಹಾಕಿ ತೋರಿಸಿದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊ, ಅದನ್ನು ನೋಡಿ ದುಡ್ಡು ಕಟ್ಟಬೇಡ.

"ನಿಮ್ಮ ಕಾಲದಲ್ಲಿ ಗರಡಿಯ ಉಸ್ತಾದರು ಬಯ್ಯುತ್ತಿರಲಿಲ್ಲವೇ?" ಎಂದು ನೀನು ಕೇಳಬಹುದು. ಬಯ್ಯುತ್ತಿದ್ದರು. ನಾನು ಮೈಸೂರಿನ ಗರಡಿಗಳ ಆಸುಪಾಸಿನಲ್ಲೇ ಬೆಳೆದವನು. ಹೊಸದಾಗಿ ಬಂದ ಹುಡುಗನ ಕೈಗೆ ಮೊದಲು ಗುದ್ದಲಿ ಬರುತ್ತಿತ್ತು, ಕುಸ್ತಿ ಆಡುವ ಮಟ್ಟಿಯ ಕೆಮ್ಮಣ್ಣು ಅಗೆದು ಸಡಿಲ ಮಾಡಬೇಕು. ಆಮೇಲೆ ದಂಡ, ಬಸ್ಕಿ. ಸೊಂಟ ಮೇಲೆದ್ದರೆ ಉಸ್ತಾದರು ಎಲ್ಲರೆದುರೇ ಕೂಗುತ್ತಿದ್ದರು. ಆದರೆ ಅವರು ಕೂಗಬೇಕಾದರೆ ಮೊದಲು ಆ ಹುಡುಗನ ಸೊಂಟವನ್ನು ನೋಡಿರಬೇಕಿತ್ತು. ಒಂದು ದಂಡ ತಪ್ಪಿದ್ದು ಅವರ ಕಣ್ಣಿಗೆ ಬಿತ್ತು ಎಂದರೆ, ಅಷ್ಟು ಹೊತ್ತು ಅವರ ಕಣ್ಣು ಅವನ ಮೇಲೇ ಇತ್ತು ಎಂದರ್ಥ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿದವರಲ್ಲಿ ಹೀಗೆ ಬೈಸಿಕೊಳ್ಳದೆ ಬಂದವರು ಯಾರೂ ಇರಲಾರರು. ಮಾಡಿಸಿ ನೋಡಿದ ಮೇಲೆ ಬರುವ ಗದರಿಕೆಯನ್ನು ತಾಳಿಕೊ, ಅದರಲ್ಲಿ ಕಲಿಯುವುದು ಇರುತ್ತದೆ. ನೀನು ಒಂದು ಬಸ್ಕಿಯನ್ನೂ ಹೊಡೆಯುವ ಮುಂಚೆಯೇ ಬರುವ ತಾತ್ಸಾರವನ್ನು ತಾಳಿಕೊಳ್ಳಬೇಕಾದ ಅಗತ್ಯ ನಿನಗಿಲ್ಲ. ಗಡುಸು ಮೇಷ್ಟ್ರು ಯಾರು, ಬರೀ ಒರಟ ಯಾರು ಎಂದು ತಿಳಿಯಲು ನನಗೆ ಗೊತ್ತಿರುವ ಗುರುತು ಇದೊಂದೇ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರ ಹೆಸರು ಕೇಳಿದ್ದೀಯಾ? 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರು ಅವರೇ. ಅವರ ಅಂಗಸೌಷ್ಠವದ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲೂ ಅಚ್ಚಾಗಿದ್ದವು. ಅಂಥವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು, ಎಲ್ಲೋ ದೂರದ ಊರಿನಲ್ಲಿದ್ದು ಮನೆಯಲ್ಲೇ ಕಲಿಯಬಯಸುವವರಿಗೆ. ತಾವು ಮುಖವನ್ನೇ ಕಾಣದ ಆ ಶಿಷ್ಯನಿಂದಲೂ ಆಗುತ್ತದೆ ಎಂಬ ನಂಬಿಕೆಯಿಲ್ಲದೆ ಯಾರು ಅಂಥ ಕೆಲಸ ಮಾಡುತ್ತಾರೆ?

ಗರಡಿಯನ್ನು ನಾನು ಹೊಗಳಿದೆ. ಆದರೆ ಅದರ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ, ಅದನ್ನೂ ಹೇಳಬೇಕು. ಇವತ್ತಿನ ಜಿಮ್‌ನಲ್ಲಿ ಎಲ್ಲರಿಗೂ ಜಾಗವಿದೆ. ಹಾಗೆ ಸಿಕ್ಕ ಜಾಗವನ್ನು ಕೌಂಟರ್‌ನವನೊಬ್ಬನ ನಗುವಿಗೆ ಬಿಟ್ಟುಕೊಡಬಾರದು ಎನ್ನುವುದೇ ನನ್ನ ಹಟ.

ಈಗ ಏನು ಮಾಡಬೇಕು, ಕೇಳು. ಫೋನಿನಲ್ಲಿ ವಿಚಾರಿಸಿ ದುಡ್ಡು ಕಟ್ಟಬೇಡ. ನೀನು ದಿನಾ ಯಾವ ಹೊತ್ತಿಗೆ ಹೋಗುತ್ತೀಯೋ ಅದೇ ಹೊತ್ತಿಗೆ ಹೋಗಿ ನೋಡು. ಮಧ್ಯಾಹ್ನ ಮೂರಕ್ಕೆ ಹೋದರೆ ಜಿಮ್ ಖಾಲಿ, ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ಸಂಜೆ ಏಳಕ್ಕೆ ಅವರ ನಿಜವಾದ ಮುಖ ಕಾಣುತ್ತದೆ. ಒಳಗೆ ಹೋದಾಗ ದೊಡ್ಡ ತೋಳಿನವರನ್ನು ನೋಡುತ್ತಾ ನಿಲ್ಲಬೇಡ. ಅಲ್ಲಿ ಹೊಸಬರಂತೆ ಕಾಣುವವರು, ವಯಸ್ಸಾದವರು, ಯಂತ್ರದ ಮುಂದೆ ತಬ್ಬಿಬ್ಬಾಗಿ ನಿಂತವರು ಯಾರು ಎಂದು ಹುಡುಕು. ಅವರ ಹತ್ತಿರ ಟ್ರೈನರ್ ಯಾರಾದರೂ ಹೋಗುತ್ತಾರೆಯೇ, ಅಥವಾ ಎಲ್ಲರೂ ಪಿ.ಟಿ. ಕ್ಲೈಂಟುಗಳ ಸುತ್ತಲೇ ಇದ್ದಾರೆಯೇ, ಗಮನಿಸು. ನಾಳೆ ಅವರ ಜಾಗದಲ್ಲಿ ನಿಲ್ಲುವವಳು, ನಿಲ್ಲುವವನು ನೀನೇ. ಒಂದು ದಿನ ಟ್ರಯಲ್ ಕೇಳು, ಬಹಳ ಕಡೆ ಕೊಡುತ್ತಾರೆ. ಟ್ರೈನರ್‌ಗೆ "ಒಂದು ಬಸ್ಕಿ ಸರಿಯಾಗಿ ತೋರಿಸಿಕೊಡಿ" ಅನ್ನು. ತೋರಿಸುವ ಮುಂಚೆ "ಮಂಡಿ ನೋವಿದೆಯಾ, ಆಪರೇಷನ್ ಏನಾದ್ರೂ ಆಗಿದೆಯಾ, ಬಿ.ಪಿ. ಇದೆಯಾ" ಎಂದು ಕೇಳಿದರೆ ಅವನ ಕೈಗೆ ಧೈರ್ಯವಾಗಿ ನಿನ್ನ ಮೈ ಒಪ್ಪಿಸಬಹುದು.

ಒರಟು ಮಾತು ಬಂದರೆ ನಗಬೇಡ. ನಮ್ಮ ಮಕ್ಕಳಿಗೆ ಇದೊಂದು ಅಭ್ಯಾಸ, ಅವಮಾನವಾದಾಗ ಮುಜುಗರಕ್ಕೆ ನಕ್ಕುಬಿಡುತ್ತಾರೆ, ಎದುರಿನವನಿಗೆ ಇನ್ನಷ್ಟು ಸಲುಗೆ ಸಿಗುತ್ತದೆ. ಜಗಳವನ್ನೂ ಆಡಬೇಡ. ದನಿ ಏರಿಸದೆ, "ನನ್ನ ಮೈ ಬಗ್ಗೆ ನಾನು ಕೇಳಲಿಲ್ಲ. ಫೀಸು, ಟೈಮಿಂಗು, ಜನರಲ್ ಟ್ರೈನರ್ ಯಾರು, ಅಷ್ಟು ಹೇಳಿ" ಅನ್ನು. ಒಂದೇ ಸಲ ಹೇಳಿ ಸುಮ್ಮನಾಗು. ಆ ಮೌನವನ್ನು ನೀನು ತುಂಬಲು ಹೋಗಬೇಡ, ಅವರೇ ತುಂಬಲಿ. "ಆಫರ್ ಇವತ್ತೇ ಲಾಸ್ಟು" ಎಂದರೆ "ಹಾಗಾದ್ರೆ ಇವತ್ತು ಬೇಡ ಬಿಡಿ" ಎಂದು ಎದ್ದುಬಿಡು. ಮಾತು ಕನ್ನಡದಲ್ಲೇ ಆಡು. ಇಂಗ್ಲಿಷಿನ ಯಂತ್ರಗಳ ಹೆಸರು ಗೊತ್ತಿಲ್ಲವೆಂದು ತಾಲ್ಲೂಕಿನಿಂದ ಬಂದ ಮಕ್ಕಳು ಸಂಕೋಚಪಡುವುದನ್ನು ನೋಡಿದ್ದೇನೆ. "ಕಾಲಿಗೆ ಯಾವುದು, ಬೆನ್ನಿಗೆ ಯಾವುದು" ಎಂದು ಕೇಳಿದರೆ ಸಾಕು. ಟ್ರೈನರ್ ಬೇರೆ ರಾಜ್ಯದಿಂದ ಬಂದವನಾದರೆ, ಅವನೂ ಮನೆ ಬಿಟ್ಟು ದುಡಿಯಲು ಬಂದ ಹುಡುಗ. ಕೈಸನ್ನೆಯಲ್ಲಿ ತೋರಿಸಲು ಹೇಳು, ಅವನಿಗೂ ನಾಲ್ಕು ಕನ್ನಡ ಪದ ಬರುತ್ತವೆ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಹೇಳುತ್ತೇನೆ. ಭಂಗಿ ತಿದ್ದುವ ನೆಪದಲ್ಲಿ ಮುಟ್ಟುವುದು ನಿನಗೆ ಇಷ್ಟವಿಲ್ಲದಿದ್ದರೆ ಮೊದಲ ದಿನವೇ "ಮುಟ್ಟಬೇಡಿ, ಬಾಯಲ್ಲಿ ಹೇಳಿ, ಇಲ್ಲಾ ನೀವೇ ಮಾಡಿ ತೋರಿಸಿ" ಅನ್ನು. ಇದಕ್ಕೆ ಮುಖ ಸಿಂಡರಿಸುವ ಜಾಗದಲ್ಲಿ ಒಂದು ದಿನವೂ ಇರಬೇಡ. 'ಮೊದಲು ಹೀಗಿದ್ದರು, ಈಗ ಹೀಗಾದರು' ಎಂದು ಫೋಟೊ ಹಾಕಿಕೊಳ್ಳುವ ಚಟ ಎಷ್ಟೋ ಜಿಮ್‌ಗಳಿಗಿದೆ. ನಿನ್ನ ಒಪ್ಪಿಗೆ ಇಲ್ಲದೆ ಒಂದು ಫೋಟೊವನ್ನೂ ತೆಗೆಯಕೂಡದು ಎಂದು ಫಾರ್ಮ್‌ನಲ್ಲೇ ಬರೆದು ಸಹಿ ಹಾಕು.

ಎಚ್ಚರಿಕೆಯನ್ನು ಮಾತ್ರ ಅವಮಾನ ಎಂದುಕೊಳ್ಳಬೇಡ. 2021ರ ಅಕ್ಟೋಬರ್ 29ರಂದು ನಿತ್ಯ ವ್ಯಾಯಾಮ ಮಾಡುತ್ತಿದ್ದ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದಾಗ ನಾಡೆಲ್ಲ ನಡುಗಿತು, ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯಲ್ಲಿ ಜನ ಸಾಲುಗಟ್ಟಿದರು. ಆಮೇಲೆ ಎಷ್ಟೋ ಮನೆಗಳಲ್ಲಿ ಜಿಮ್ ಎಂದರೆ "ಬೇಡಪ್ಪಾ" ಎನ್ನುವಂತಾಯಿತು. ವ್ಯಾಯಾಮ ಬಿಡುವುದು ಆ ಹೆದರಿಕೆಗೆ ಮದ್ದಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇದ್ದರೆ, ನಿನಗೆ ಬಿ.ಪಿ., ಸಕ್ಕರೆ ಇದ್ದರೆ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿದ್ದರೆ ಡಾಕ್ಟರಿಗೆ ತೋರಿಸಿ ಹೋಗು. "ಡಾಕ್ಟರ್ ಚೀಟಿ ತನ್ನಿ, ಆಮೇಲೆ ಶುರು ಮಾಡೋಣ" ಎನ್ನುವ ಟ್ರೈನರ್ ನಿನ್ನನ್ನು ದೂರ ತಳ್ಳುತ್ತಿಲ್ಲ. ಮೊದಲ ವಾರವೇ ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ಮಾರಲು ಬರುವವನಿಗೆ ಮಾತ್ರ ಬೇಡವೆನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಇಂಥ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ. ಬೇಳೆ, ಕಾಳು, ಮೊಸರು, ಮೊಟ್ಟೆ ನಮ್ಮ ಮನೆಯಲ್ಲೇ ಇವೆ.

ದುಡ್ಡಿನ ವಿಷಯ. ಮೊದಲ ಸಲ ವರ್ಷಕ್ಕೆ ಕಟ್ಟಬೇಡ, ತಿಂಗಳಿಗೋ ಮೂರು ತಿಂಗಳಿಗೋ ಕಟ್ಟು, ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಬಿಲ್ ಕೇಳಿ ತೆಗೆದುಕೊ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಬಿಲ್‌ನಲ್ಲಿ ಎಷ್ಟು ಹಾಕಿದ್ದಾರೆ ನೋಡು. ಊರಿಗೆ ಹೋದರೆ ಮೆಂಬರ್‌ಶಿಪ್ ಫ್ರೀಜ್ ಮಾಡುತ್ತಾರಾ, ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂಬುದು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿರಲಿ. ಸೇರಿದ ಮೇಲೆ ಸಿಬ್ಬಂದಿ ಕೆಟ್ಟದಾಗಿ ನಡೆದುಕೊಂಡರೆ ಮ್ಯಾನೇಜರ್‌ಗೆ ಹೇಳು, ಹೇಳಿದ್ದನ್ನೇ ತಾರೀಖು ಹಾಕಿ ಮೆಸೇಜ್ ಮಾಡಿಡು. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು, ನಂಬಿಕೆಯಿಂದ ಕೊಟ್ಟ ನಿನ್ನ ಖಾಸಗಿ ವಿವರವನ್ನು ಬೇರೆಯವರಿಗೆ ಹಂಚುವುದು ಎರಡೂ ಅನುಚಿತ ವ್ಯಾಪಾರ ಪದ್ಧತಿ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ.

ಎಲ್ಲ ನೋಡಿಯೂ ಆ ಜಾಗ ನಿನಗೆ ಒಗ್ಗಲಿಲ್ಲ ಎಂದಿಟ್ಟುಕೊ. ಆ ಜಿಮ್ ಬಿಡು, ವ್ಯಾಯಾಮ ಬಿಡಬೇಡ. ಪಾರ್ಕಿನಲ್ಲಿ ಓಪನ್ ಜಿಮ್ ಇದ್ದರೆ ಅಲ್ಲಿ ಶುರು ಮಾಡು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ವಾರಕ್ಕೆ ಕನಿಷ್ಠ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಇದಕ್ಕೆ ಕನ್ನಡಿ ಹಾಕಿದ ಗೋಡೆಯೇ ಬೇಕೆಂದಿಲ್ಲ. ಆರಂಭದ ವಾರಗಳಲ್ಲಿ ಕನ್ನಡಿಯಲ್ಲಿ ಏನೂ ಕಾಣುವುದೂ ಇಲ್ಲ. ಆಗ ಬರುವ ಬಲ ಹೆಚ್ಚಾಗಿ ನರಗಳದ್ದು, ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಅವು ಕಲಿಯುತ್ತಿರುತ್ತವೆ. ಹೊರಗಿನವರ ಕಣ್ಣಿಗೆ ನೀನು ಮೊದಲಿನ ಹಾಗೇ ಇರುತ್ತೀಯ, ಆದರೆ ಹೋದ ವಾರ ಎತ್ತಲಾಗದ ತೂಕ ಈ ವಾರ ಮೇಲೇಳುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಡು, ತಾರೀಖು, ತೂಕ, ಎಷ್ಟು ಸಲ, ಇಷ್ಟೇ.

ಶುರು ಮಾಡಿದ ಮಾರನೇ ದಿನ, ಅದರ ಮಾರನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟವಾಗುತ್ತದೆ. ಆಗ ಕೌಂಟರ್‌ನವನು ಅಂದಿದ್ದು ನಿಜವೇನೋ, ನನ್ನಿಂದಾಗದೇನೋ ಎಂದು ಅನ್ನಿಸುತ್ತದೆ. ಹೊಸದಾಗಿ ಮೈ ಬಗ್ಗಿಸಿದ ಎಲ್ಲರಿಗೂ ಆಗುವ ನೋವು ಅದು, ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಅಷ್ಟರಲ್ಲಿ ಸುಮ್ಮನೆ ಮಲಗಬೇಡ, ಸ್ವಲ್ಪ ನಡೆದಾಡು. ನೋವು ಇಳಿಯುತ್ತಿದ್ದಂತೆ ಮತ್ತೆ ಹೋಗು, ತೂಕ ಕಡಿಮೆ ಮಾಡಿಕೊಂಡಾದರೂ ಹೋಗು.